ಬೆಣ್ಣೆ ಬಿಸ್ಕತ್ತಿಗೆ ಯಾವ ಲಟ್ಟಣಿಗೆ? ದಾರ ಹಿಡಿದು ಅಂಗಡಿಗೆ ಹೋಗಿ

ಒಂದೇ ಹಿಟ್ಟು, ಒಂದೇ ತಟ್ಟೆ. ಆದರೂ ಅರ್ಧ ಬಿಸ್ಕತ್ತು ಕರಿ, ಇನ್ನರ್ಧ ಬಿಳಿಚಿಕೊಂಡು ಮೆತ್ತಗೆ. ಓವನ್ನಿನದೇ ತಪ್ಪು ಎಂದು ಮೂರು ಸಲ ಉಷ್ಣತೆ ಬದಲಿಸಿದೆ, ತಟ್ಟೆ ತಿರುಗಿಸಿ ಇಟ್ಟೆ. ಏನೂ ಆಗಲಿಲ್ಲ. ನಾಲ್ಕನೇ ಸಲ ನಮ್ಮತ್ತೆ ಬಂದು ಲಟ್ಟಿಸಿದ ಹಿಟ್ಟನ್ನು ಬೆರಳಲ್ಲಿ ಒತ್ತಿ ನೋಡಿದರು. "ನಡುವೆ ಹಪ್ಪಳ, ಅಂಚಿಗೆ ರೊಟ್ಟಿ ಆಗೈತಲ್ಲಮ್ಮ" ಅಂದರು. ತಪ್ಪು ಓವನ್ನಿನದಲ್ಲ, ಲಟ್ಟಣಿಗೆಯದು.

ಚಪಾತಿ ಲಟ್ಟಣಿಗೆಯನ್ನು ಒಮ್ಮೆ ಸರಿಯಾಗಿ ನೋಡಿ. ನಡುವೆ ಸ್ವಲ್ಪ ಹೊಟ್ಟೆ, ತುದಿಗೆ ಹೋದಂತೆ ಸಣ್ಣ. ಒಂದು ಕಡೆ ಒತ್ತಿದರೆ ಚಪಾತಿ ತಾನಾಗಿಯೇ ಗಿರ್ರನೆ ತಿರುಗುವುದು ಆ ಹೊಟ್ಟೆಯಿಂದಲೇ. ಬಿಸ್ಕತ್ತಿನ ಹಿಟ್ಟು ಹಾಗೆ ತಿರುಗುವುದಿಲ್ಲ. ಅದು ಮಣೆಯಗಲ ಹಾಳೆಯಾಗಿ ಬಿದ್ದುಕೊಂಡಿರುತ್ತದೆ. ಹೊಟ್ಟೆ ಒತ್ತಿದ ಕಡೆ ತೆಳು, ಉಳಿದ ಕಡೆ ದಪ್ಪ. ತೆಳುವಾದದ್ದು ಬೇಗ ಸೀಯುತ್ತದೆ.

ಹಾಗಂತ ಎಲ್ಲರೂ ಹೊಸದು ಕೊಳ್ಳಬೇಕಿಲ್ಲ. ಮೊದಲು ನೀವು ಏನು ಮಾಡುತ್ತೀರಿ ಎಂದು ಯೋಚಿಸಿ. ಕೇಕ್, ಬನ್ನು, ಬ್ರೆಡ್ಡು ಮಾತ್ರ ಎಂದರೆ ಇರುವ ಲಟ್ಟಣಿಗೆಯೇ ಧಾರಾಳ. ಬೆಣ್ಣೆ ಬಿಸ್ಕತ್ತು, ಖಾರಾ ಬಿಸ್ಕತ್ತು, ಟಾರ್ಟ್, ಪಫ್ ಇವಕ್ಕೆ ಕೈಹಾಕುವವರು ಮುಂದೆ ಓದಿ.

ಆಕಾರ

ಬೇಕಾದದ್ದು ಈ ತುದಿಯಿಂದ ಆ ತುದಿಯವರೆಗೆ ಒಂದೇ ದಪ್ಪದ, ಹಿಡಿಯಿಲ್ಲದ, ನೇರ ಕೋಲು. ಇಷ್ಟೇ. ಫ್ರಾನ್ಸಿನ ಅಡುಗೆಯವರ ಲಟ್ಟಣಿಗೆಗೂ ಹಿಡಿ ಇರುವುದಿಲ್ಲ, ಆದರೆ ಅದು ತುದಿಗೆ ಸಣ್ಣಗಾಗುತ್ತದೆ. ದುಂಡಗೆ ಲಟ್ಟಿಸಲು ಚೆಂದ. ಚಪಾತಿ ಲಟ್ಟಿಸಿ ಪಳಗಿದ ಕೈಗೆ ಅದು ಬೇಗ ಒಗ್ಗುತ್ತದೆ, ಆದರೆ ಮನೆಯಲ್ಲಿರುವ ಗುಣವನ್ನೇ ದುಡ್ಡು ಕೊಟ್ಟು ಮತ್ತೆ ತಂದಂತೆ.

ಎರಡೂ ಕಡೆ ಹಿಡಿ ಇದ್ದು, ನಡುವಿನ ಉರುಳೆ ಮಾತ್ರ ತಿರುಗುವ ಲಟ್ಟಣಿಗೆಯೂ ಸಿಗುತ್ತದೆ. ಅದು ಗಟ್ಟಿ ಹಿಟ್ಟಿಗೆ ಅನುಕೂಲ, ಮಣಿಕಟ್ಟು ನೋಯುವವರಿಗೂ ಪರವಾಗಿಲ್ಲ. ನನಗೆ ಮಾತ್ರ ಇಷ್ಟವಿಲ್ಲ. ಹಿಡಿಯ ಸಂದಿಗೆ ಹಿಟ್ಟು ಹೋಗಿ ಕೂರುತ್ತದೆ. ತೊಳೆದರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯಬಹುದು. ಜೊತೆಗೆ, ಅಂಗೈ ನೇರ ಕೋಲಿನ ಮೇಲೇ ಇದ್ದರೆ ಹಿಟ್ಟು ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಕೈಗೇ ಗೊತ್ತಾಗುತ್ತದೆ. ಹಿಡಿ ಹಿಡಿದರೆ ಆ ಸುದ್ದಿ ಕೈಗೆ ಮುಟ್ಟುವುದಿಲ್ಲ.

ಗೆರೆ ಕೊರೆದ ಲಟ್ಟಣಿಗೆ ಬೇಡವೇ ಬೇಡ. ಬೆಣ್ಣೆ ಹಿಟ್ಟು ಗೆರೆಯೊಳಗೆ ಸೇರಿಕೊಂಡರೆ ಕಡ್ಡಿ ಹಿಡಿದು ಕೂರಬೇಕು.

ಅಳತೆ

ನಿಮ್ಮ ಓವನ್ ತಟ್ಟೆಯ ಅಗಲ ಅಳೆಯಿರಿ. ನಮ್ಮ ಮನೆಯದು 28 ಸೆಂ.ಮೀ. ಹಿಟ್ಟಿನ ಹಾಳೆ ಅದಕ್ಕಿಂತ ಅಗಲ ಆಗುವ ಪ್ರಶ್ನೆಯೇ ಇಲ್ಲ. ಎರಡೂ ಕಡೆ ಕೈ ಇಡಲು ಆರೇಳು ಸೆಂ.ಮೀ. ಸೇರಿಸಿ. ಒಟ್ಟು 40ರಿಂದ 42 ಸೆಂ.ಮೀ. ಉದ್ದ ಸಾಕು.

ದಪ್ಪ 4 ಸೆಂ.ಮೀ. ಸುತ್ತಮುತ್ತ ಇರಲಿ. ಸಣ್ಣ ಕೋಲು ಹಿಟ್ಟಿನೊಳಗೆ ಕಚ್ಚಿಕೊಂಡು ಅಲೆ ಅಲೆ ಮಾಡುತ್ತದೆ. ದಪ್ಪ ಕೋಲು ಸಮಾಧಾನವಾಗಿ ಹರಡುತ್ತದೆ.

ಅಂಗಡಿಯಲ್ಲಿ ಇದನ್ನು ಅಳೆಯುವುದು ಹೇಗೆ? ಅದಕ್ಕೇ ದಾರ ಅಂದದ್ದು. ಲಟ್ಟಣಿಗೆಯ ನಡುವೆ ಒಂದು ಸುತ್ತು ದಾರ ಸುತ್ತಿ, ಸೇರುವ ಕಡೆ ಗಂಟು ಹಾಕಿ ಗುರುತು ಮಾಡಿ. ಸುತ್ತಳತೆ ಹನ್ನೆರಡೂವರೆ ಸೆಂ.ಮೀ. ಬಂದರೆ ದಪ್ಪ 4 ಸೆಂ.ಮೀ. ಎಂದರ್ಥ. ಈಗ ಅದೇ ದಾರವನ್ನು ಎರಡೂ ತುದಿಗೆ ಸುತ್ತಿ ನೋಡಿ. ಮೂರು ಕಡೆಯೂ ಗಂಟು ಒಂದೇ ಜಾಗಕ್ಕೆ ಬಂದರೆ ಕೋಲು ಸಮ. ತುದಿಯಲ್ಲಿ ದಾರ ಉಳಿದರೆ ಅದು ಚಪಾತಿಯದೇ, ಎಷ್ಟೇ ಉದ್ದ ಇರಲಿ.

ಮರವೋ, ಕಲ್ಲೋ, ಸ್ಟೀಲೋ

ಈ ಪ್ರಶ್ನೆಗೆ ಉತ್ತರ ಹೇಳುವುದು ನಮ್ಮೂರಿನ ಬಿಸಿಲು. ದಾವಣಗೆರೆಯಲ್ಲಿ ಏಪ್ರಿಲ್ ಮಧ್ಯಾಹ್ನ 37–38 ಡಿಗ್ರಿ ಸಾಮಾನ್ಯ. ಬೆಣ್ಣೆ 32–35 ಡಿಗ್ರಿಗೆ ಕರಗಿಯೇ ಬಿಡುತ್ತದೆ, ಅದಕ್ಕೂ ಬಹಳ ಮೊದಲೇ ಮೆತ್ತಗಾಗುತ್ತದೆ. ಕಾವಲಿ ಮೇಲಿನ ದೋಸೆಗೆ ಅದು ಚೆಂದ. ಮಣೆ ಮೇಲಿನ ಬಿಸ್ಕತ್ತಿಗೆ ಅಲ್ಲ.

ಅಮೃತಶಿಲೆಯ ಲಟ್ಟಣಿಗೆ ಸದಾ ತಣ್ಣಗಿರುತ್ತದೆ ಅನ್ನುತ್ತಾರೆ. ಅರ್ಧ ಸತ್ಯ. ಅಡುಗೆಮನೆ 35 ಡಿಗ್ರಿ ಇದ್ದರೆ ಕಲ್ಲೂ ಅಷ್ಟೇ ಬಿಸಿ ಇರುತ್ತದೆ. ಫ್ರಿಜ್ಜಿನಲ್ಲಿಟ್ಟರೆ ತಣ್ಣಗಾಗುವುದು ನಿಜ. ಆದರೆ ಮಳೆಗಾಲದಲ್ಲಿ ಹೊರಗೆ ತೆಗೆದ ಕೂಡಲೇ ಅದರ ಮೇಲೆ ನೀರಿನ ಹನಿ ಕೂರುತ್ತದೆ, ಹಿಟ್ಟು ಅಂಟುತ್ತದೆ. ತೂಕ ಬೇರೆ. ಮೇಲೆ ಹೇಳಿದ ಅಳತೆಯ ಮರದ ಕೋಲು 350 ಗ್ರಾಂ ಆಸುಪಾಸು ತೂಗಿದರೆ, ಅಷ್ಟೇ ದೊಡ್ಡ ಅಮೃತಶಿಲೆ ಒಂದೂವರೆ ಕೆಜಿ ಹತ್ತಿರ ಬರುತ್ತದೆ. ಕಾಲ ಮೇಲೆ ಬಿದ್ದರೆ ಬಿಸ್ಕತ್ತಿನ ಆಸೆಯೇ ಬೇಡ!

ಸ್ಟೀಲ್ ತೊಳೆಯಲು ಸುಲಭ. ಕೈಯ ಬಿಸಿಯನ್ನೂ ಅಷ್ಟೇ ಸುಲಭವಾಗಿ ಹಿಟ್ಟಿಗೆ ದಾಟಿಸುತ್ತದೆ. ಕೊಳ್ಳುವುದೇ ಆದರೆ ಎರಡೂ ತುದಿಯ ಮುಚ್ಚಳ ಗಟ್ಟಿಯಾಗಿದೆಯಾ ನೋಡಿ. ಹೆಚ್ಚಿನವು ಒಳಗೆ ಟೊಳ್ಳು. ಒಂದು ಸಲ ನೀರು ಸೇರಿದರೆ ಲಟ್ಟಿಸುವಾಗ ಬುಳುಬುಳು ಸದ್ದು ಬರುತ್ತದೆ, ಕೊನೆಗೆ ಹಿಟ್ಟಿನ ಮೇಲೆ ಹನಿಯುತ್ತದೆ. ಸಿಲಿಕೋನ್ ಹೊದಿಕೆಯವು ಅಂಟುವುದು ಕಡಿಮೆ, ಆದರೆ ಚಾಕು ತಾಗಿದರೆ ಗೀರು ಬೀಳುತ್ತದೆ.

ಹಾಗಾಗಿ ನನ್ನ ಓಟು ಮರಕ್ಕೆ. ಅದು ಬಿಸಿಯನ್ನು ಬೇಗ ದಾಟಿಸುವುದಿಲ್ಲ, ಮೇಲೆ ಉದುರಿಸಿದ ಮೈದಾವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬೀಟೆ ಗಟ್ಟಿ, ನುಣುಪು, ದುಬಾರಿ. ತೇಗ ಒಳ್ಳೆಯದು. ಹುಣಸೆ ಸಿಕ್ಕರೆ ಬಿಡಬೇಡಿ, ಕಲ್ಲಿನಂಥ ಮರ. ಮಾವು ಅಗ್ಗ, ಆದರೆ ಮೆದು. ಬೇವಿನದಕ್ಕೆ ಹೊಸದರಲ್ಲಿ ವಾಸನೆ ಇರುತ್ತದೆ, ಬೆಣ್ಣೆ ಅದನ್ನು ಎಳೆದುಕೊಳ್ಳುತ್ತದೆ.

ಕೈಯಲ್ಲಿ ಹಿಡಿದು ನೋಡುವುದು

ಮಂಡಿಪೇಟೆಯ ಅಂಗಡಿಯಿರಲಿ, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯಿರಲಿ, ಕೊಳ್ಳುವ ಮೊದಲು ಉರುಳಿಸಿ ನೋಡಿ. ಗಾಜಿನ ಕೌಂಟರ್ ಇದ್ದರೆ ಒಳ್ಳೆಯದು. ಬಗ್ಗಿ, ಕೋಲಿನ ಅಡಿಗೆ ಕಣ್ಣು ಹಾಯಿಸಿ. ಸಂದಿಯಲ್ಲಿ ಬೆಳಕು ಕಂಡರೆ ಬಾಗಿದೆ. ಉರುಳುವಾಗ ಕುಂಟಿದರೂ ಬೇಡ. ಉಗುರಿನಿಂದ ಉದ್ದಕ್ಕೂ ಸವರಿ. ಬಿರುಕು, ಗಂಟು ಸಿಕ್ಕರೆ ವಾಪಸ್ ಇಡಿ. ಮೂಸಿ ನೋಡಲು ನಾಚಿಕೆ ಬೇಡ. ವಾರ್ನಿಷ್ ವಾಸನೆ ಬಂದರೆ ಅದು ಷೋಕೇಸಿಗೆ ಸರಿ. ಅಳತೆಗಿಂತ ಜಾಸ್ತಿ ಭಾರ, ಮುಟ್ಟಿದರೆ ತಣ್ಣಗೆ ಅನಿಸಿದರೆ ಹಸಿ ಮರ ಇರಬಹುದು. ನಮ್ಮ ಬೇಸಿಗೆಯ ಒಣ ಗಾಳಿಗೆ ಸೀಳುತ್ತದೆ.

ಇಂಥ ನೇರ ಕೋಲು ಅಂಗಡಿಯಲ್ಲಿ ಹುಡುಕಿ ಸಿಗದಿದ್ದರೆ, ಮಂಚದ ಕಾಲು ತಿರುವಿ ಕೊಡುವ ಬಡಿಗೇರರ ಹತ್ತಿರ ಹೋಗಿ. ನಾನು ಮಾಡಿದ್ದು ಅದನ್ನೇ. "42 ಉದ್ದ, 4 ದಪ್ಪ, ಹೊಟ್ಟೆ ಬೇಡ, ಹಿಡಿ ಬೇಡ, ಪಾಲಿಷ್ ಬೇಡ" ಎಂದು ಚೀಟಿ ಬರೆದು ಕೊಟ್ಟೆ. "ಡಿಸೈನ್ ಏನೂ ಬೇಡ್ವಾ ಅಕ್ಕಾ?" ಎಂದು ಎರಡು ಸಲ ಕೇಳಿದರು. ಬೇಡ ಅಂದರೂ ತುದಿಗೊಂದು ಗೆರೆ ಹಾಕಿಯೇ ಕೊಟ್ಟರು. ಇರಲಿ.

ಮನೆಗೆ ತಂದ ಮೇಲೆ

ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ನೀರಲ್ಲಿ ನೆನೆಸಬೇಡಿ, ಬಿಸಿಲಿಗೆ ಇಡಬೇಡಿ. ಆಮೇಲೆ ಔಷಧಿ ಅಂಗಡಿಯಲ್ಲಿ ಸಿಗುವ, ಕುಡಿಯಲು ಯೋಗ್ಯವಾದ ಲಿಕ್ವಿಡ್ ಪ್ಯಾರಾಫಿನ್ ತೆಳ್ಳಗೆ ಸವರಿ, ರಾತ್ರಿಯಿಡೀ ಬಿಟ್ಟು ಒರೆಸಿ. ಚಳ್ಳಕೆರೆಯ ಶೇಂಗಾ ಎಣ್ಣೆ ಎಷ್ಟೇ ಚೆನ್ನಾಗಿರಲಿ, ಅದನ್ನು ಒಗ್ಗರಣೆಗೇ ಇಟ್ಟುಕೊಳ್ಳಿ. ಮರದ ಮೇಲೆ ಅಡುಗೆ ಎಣ್ಣೆ ದಿನ ಕಳೆದಂತೆ ಜಿಗುಟಾಗಿ ಕಮಟು ವಾಸನೆ ಹಿಡಿಯುತ್ತದೆ.

ಇನ್ನೊಂದು ಸಾಮಾನು ಬೇಕು: 6 ಮಿ.ಮೀ. ದಪ್ಪದ ಪ್ಲೈವುಡ್‌ನ ಎರಡು ಪಟ್ಟಿ. ಹಿಟ್ಟಿನ ಎಡಕ್ಕೊಂದು ಬಲಕ್ಕೊಂದು ಇಟ್ಟು, ಲಟ್ಟಣಿಗೆಯ ಎರಡೂ ತುದಿ ಅವುಗಳ ಮೇಲೆ ಉರುಳುವಂತೆ ಲಟ್ಟಿಸಿ. ಕೋಲು ಪಟ್ಟಿಗೆ ತಾಗಿದ ಮೇಲೆ ಹಿಟ್ಟು ಇನ್ನೂ ತೆಳುವಾಗಲು ಸಾಧ್ಯವೇ ಇಲ್ಲ. ನೇರ ಕೋಲು ಬೇಕು ಎಂದು ಇಷ್ಟು ಹೊತ್ತು ಹಟ ಹಿಡಿದದ್ದು ಇದಕ್ಕೇ. ಟಾರ್ಟಿಗಾದರೆ 3 ಮಿ.ಮೀ. ಪಟ್ಟಿ ಸಾಕು.

ಇಷ್ಟಾದರೂ ಹಿಟ್ಟು ಅಂಟುತ್ತಿದ್ದರೆ ಲಟ್ಟಣಿಗೆಯನ್ನು ಬೈಯಬೇಡಿ. ಮೊಸರು ಕಡೆದು ತೆಗೆದ ಮನೆ ಬೆಣ್ಣೆಯಲ್ಲಿ ನೀರಿನ ಅಂಶ ಜಾಸ್ತಿ. ತಣ್ಣೀರಲ್ಲಿ ತೊಳೆದು, ಚೆನ್ನಾಗಿ ಹಿಂಡಿ ಬಳಸಿ. ಕಲಸಿದ ಹಿಟ್ಟನ್ನು ಉಂಡೆ ಕಟ್ಟದೆ ಒಂದು ಬೆರಳು ದಪ್ಪಕ್ಕೆ ತಟ್ಟಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಬೇಸಿಗೆಯಲ್ಲಿ ಬೆಳಗ್ಗೆ ಏಳರೊಳಗೆ ಲಟ್ಟಿಸಿ ಮುಗಿಸಿದರೆ ಇನ್ನೂ ವಾಸಿ.

ಕೆಲಸ ಮುಗಿದ ಮೇಲೆ ಲಟ್ಟಣಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಬೇಡಿ, ಬಾಗೀತು. ಮಲಗಿಸಿ ಇಡಿ. ಹಾಂ, ಅಳತೆ ಕೊಡುವ ಮೊದಲು ನಿಮ್ಮ ಡ್ರಾಯರ್ ಒಳಗೂ ಟೇಪು ಹಿಡಿದು ನೋಡಿ. ನಮ್ಮದು 40 ಸೆಂ.ಮೀ. ಇದೆ. ಲಟ್ಟಣಿಗೆ ಅಕ್ಕಿ ಡಬ್ಬದ ಮೇಲೆ ಮಲಗಿದೆ.