ಮಂಜೋ, ಹೊಗೆಯೋ? ಕೊಡಗಿನ ತೋಟದ ಮನೆಯಲ್ಲಿ ಗಾಳಿ ಅಳೆಯುವ ಬಗೆ

ಪಿಎಂಎಸ್ 5003ರಂಥ ಅಗ್ಗದ ಸೆನ್ಸರ್, ಲೇಸರ್ ಬೆಳಕು ಚದುರುವುದನ್ನು ನೋಡಿ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳನ್ನು ಎಣಿಸುತ್ತದೆ. ಮಂಜಿನ ಹನಿಗೂ ಸೌದೆ ಹೊಗೆಗೂ ಅದಕ್ಕೆ ಭೇದ ತಿಳಿಯದು. ಬಯಲುಸೀಮೆಯಲ್ಲಿ ಇದು ಅಷ್ಟು ಕಾಡುವುದಿಲ್ಲ, ಕೊಡಗಿನಲ್ಲಿ ಇದೇ ದೊಡ್ಡ ತಲೆನೋವು. ಆದ್ದರಿಂದ ತೇವಾಂಶ ಅಳೆಯುವ ಬಿಎಂಇ 280 ಜೊತೆಗಿರಲೇಬೇಕು. ಎರಡನ್ನೂ ಓದಲು ನೋಡ್‌ಎಂಸಿಯು ಎಂಬ ವೈಫೈ ಇರುವ ಒಂದು ಪುಟ್ಟ ಬೋರ್ಡ್ ಸಾಕು.

ಪಿಎಂಎಸ್‌ಗೆ 5 ವೋಲ್ಟೇ ಬೇಕು. 3.3 ವೋಲ್ಟ್ ಕೊಟ್ಟರೆ ಅದರೊಳಗೆ ಗಾಳಿ ಎಳೆಯುವ ಫ್ಯಾನ್ ನಿಧಾನವಾಗಿ, ಅಂಕಿ ಕೆಟ್ಟುಹೋಗುತ್ತದೆ. ಸೆನ್ಸರ್ ನಿದ್ದೆಯಿಂದ (ಸ್ಲೀಪ್) ಎಚ್ಚರವಾದ ಮೇಲೆ ಮೊದಲ 30 ಸೆಕೆಂಡಿನ ಅಂಕಿ ಬಿಟ್ಟುಬಿಡಿ. ಕರೆಂಟ್ ಹೋದಾಗ ಪವರ್ ಬ್ಯಾಂಕ್ ನೆರವಿಗೆ ಬರುತ್ತದೆ. ಆದರೆ ಸೆನ್ಸರನ್ನು ಮಲಗಿಸಿದರೆ, ಎಳೆಯುವ ಕರೆಂಟ್ ಕಡಿಮೆಯಾಯಿತೆಂದು ಕೆಲವು ಬ್ಯಾಂಕ್‌ಗಳು ತಾವೇ ಆಫ್ ಆಗಿಬಿಡುತ್ತವೆ.

ಸೆನ್ಸರ್ ಇಡುವ ಗೂಡಿಗೆ 75 ಎಂಎಂ ಪಿವಿಸಿ ಎಲ್ಬೋ ಎರಡು, ನಡುವೆ ಅರ್ಧ ಗೇಣು ಪೈಪು. ಎರಡೂ ಬಾಯಿ ಕೆಳಮುಖವಾಗಿರಲಿ, ಸೊಳ್ಳೆ ಜಾಲರಿ ಕಟ್ಟಿ. ಇಲ್ಲದಿದ್ದರೆ ಕಣಜದ ಹುಳ ಮಣ್ಣು ತುಂಬಿ ಗೂಡು ಕಟ್ಟುತ್ತದೆ. ಸೂರಿನಡಿ ಎರಡು-ಮೂರು ಮೀಟರ್ ಎತ್ತರದಲ್ಲಿ, ಬಚ್ಚಲ ಒಲೆಯಿಂದಲೂ ಕಾಫಿ ಒಣಗಿಸುವ ಕಣದಿಂದಲೂ ಆದಷ್ಟು ದೂರ ತೂಗುಹಾಕಿ.

ಇನ್ನು ಅಂಕಿ ಓದುವುದು. ಮಂಜಾದರೆ ಗ್ರಾಫಿನ ಗೆರೆ ತೇವಾಂಶದ ಜೊತೆಜೊತೆಗೇ ರಾತ್ರಿಯಿಡೀ ಮೆಲ್ಲಗೆ ಏರಿ, ಬಿಸಿಲು ಬಿದ್ದಂತೆ ಇಳಿಯುತ್ತದೆ. ಹೊಗೆಯಾದರೆ ಒಲೆ ಹೊತ್ತಿಸುವ ಹೊತ್ತಿಗೆ ಹತ್ತೇ ನಿಮಿಷದಲ್ಲಿ ಜಿಗಿಯುತ್ತದೆ. ಜನವರಿಯ ಬೆಳಗ್ಗೆ ಎರಡೂ ಬೆರೆತಿರುತ್ತವೆ: ತಣ್ಣನೆ ಗಾಳಿ ಗದ್ದೆಯ ತಗ್ಗಿನಲ್ಲಿ ಕೂತು, ಮೇಲಿನ ಬೆಚ್ಚನೆ ಗಾಳಿ ಮುಚ್ಚಳ ಹಾಕಿದಂತಾಗಿ, ಲೈನ್ ಮನೆಗಳ (ತೋಟದ ಕೆಲಸಗಾರರ ಸಾಲುಮನೆಗಳ) ಹೊಗೆ ಅಲ್ಲೇ ಸಿಕ್ಕಿಬೀಳುತ್ತದೆ. ಗದ್ದೆಯ ಮೇಲೆ ಬೆಳ್ಳಗೆ ಹಾಸಿದ್ದೆಲ್ಲ ಮಂಜಲ್ಲ. ಎರಡು ಸೆನ್ಸರ್ ಇದ್ದರೆ ಒಂದನ್ನು ತಗ್ಗಿನಲ್ಲಿ, ಇನ್ನೊಂದನ್ನು ತೋಟದ ಮೇಲ್ಭಾಗದಲ್ಲಿ ಇಡಿ. ಮೊದಲು ಒಂದು ವಾರ ಅಕ್ಕಪಕ್ಕ ಇಟ್ಟು ಅಂಕಿ ಹೊಂದುತ್ತವೆಯೇ ನೋಡಿ. ಮಾರ್ಚ್‌ನಲ್ಲಿ ತೇವಾಂಶ ಕಡಿಮೆಯಿದ್ದೂ, ಒಲೆಗಳು ಆರಿದ ಮೇಲೂ ಅಂಕಿ ಇಳಿಯದಿದ್ದರೆ ಎಲ್ಲೋ ಕಾಡಿಗೆ ಬೆಂಕಿ ಬಿದ್ದಿರಬಹುದು.

ತೇವಾಂಶ ಶೇ. 85 ದಾಟಿದ ಗಂಟೆಗಳಿಗೆ ಗುರುತು ಹಾಕಿ ಬೇರೆ ಇಡಿ. ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆಯಲ್ಲಿ ಉಳಿಯುವ ಗಂಟೆಗಳೇ ಕಡಿಮೆ. ಆ ತಿಂಗಳ ಸರಾಸರಿ ತೆಗೆಯದಿರುವುದೇ ಲೇಸು. ಪಿಎಂ 2.5ಕ್ಕೆ (2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣಗಳಿಗೆ) ಭಾರತದ ಮಿತಿ ಘನಮೀಟರಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಿತಿ 15. ಎರಡೂ 24 ಗಂಟೆಯ ಸರಾಸರಿಗೆ ಹೇಳಿದ್ದು, ಬಚ್ಚಲ ಒಲೆ ಹೊತ್ತಿಸಿದ ಐದು ನಿಮಿಷಕ್ಕಲ್ಲ. ಫ್ಯಾನ್ ಕಿರುಗುಟ್ಟತೊಡಗಿದರೆ ಎಣ್ಣೆ ಬಿಡಬೇಡಿ, ಎಣ್ಣೆಯ ಹನಿಯನ್ನೂ ಸೆನ್ಸರ್ ಕಣವೆಂದೇ ಎಣಿಸೀತು, ಸೆನ್ಸರನ್ನೇ ಬದಲಿಸಿ.