ಪ್ರಯಾಣದಲ್ಲಿ ಲ್ಯಾಪ್‌ಟಾಪ್‌ಗೆ ಮೊಬೈಲ್ ಡೇಟಾ: ಒಂದು ಸಲಹೆ

ರೈಲಿನಲ್ಲಿ ಕುಳಿತು ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುವವರು ಹೆಚ್ಚಾಗಿ ಮೊಬೈಲ್ ಹಾಟ್‌ಸ್ಪಾಟ್ ಬಳಸುತ್ತಾರೆ. ಆದರೆ ಕೇಬಲ್ ಜೊತೆಯಲ್ಲಿದ್ದರೆ ಯುಎಸ್‌ಬಿ ಟೆದರಿಂಗ್ (ಕೇಬಲ್ ಮೂಲಕವೇ ಫೋನಿನ ಇಂಟರ್ನೆಟ್ಟನ್ನು ಲ್ಯಾಪ್‌ಟಾಪ್‌ಗೆ ಕೊಡುವುದು) ಮೇಲು ಎಂಬುದು ನನ್ನ ಅಭಿಪ್ರಾಯ. ಆಂಡ್ರಾಯ್ಡ್ ಫೋನನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್‌ನ ಜೊತೆಗೇ ಇರುವ ಈ ಆಯ್ಕೆಯನ್ನು ಆನ್ ಮಾಡಿದರೆ ಪಾಸ್‌ವರ್ಡ್‌ನ ಗೊಡವೆಯಿಲ್ಲದೆ ಸಂಪರ್ಕ ಸಿಗುತ್ತದೆ, ಫೋನ್ ಚಾರ್ಜ್ ಕೂಡ ಆಗುತ್ತಿರುತ್ತದೆ (ಲ್ಯಾಪ್‌ಟಾಪ್‌ನ ಬ್ಯಾಟರಿ ಬೇಗ ಇಳಿಯುವುದು ಬೇರೆ ಮಾತು). ಆಯ್ಕೆ ಮಸುಕಾಗಿಯೇ ಉಳಿದರೆ, ನಿಮ್ಮ ಕೈಯಲ್ಲಿರುವುದು ಚಾರ್ಜಿಂಗ್‌ಗೆ ಮಾತ್ರ ಬರುವ ಅಗ್ಗದ ಕೇಬಲ್ ಇರಬಹುದು.

ನಿಜವಾದ ತೊಂದರೆ ಡೇಟಾ ಖರ್ಚಿನದು. ದಿನಕ್ಕೆ 1.5 ಅಥವಾ 2 ಜಿಬಿ ಸಿಗುವ ಪ್ಲಾನ್‌ನಲ್ಲಿ, ಲ್ಯಾಪ್‌ಟಾಪ್ ಈ ಸಂಪರ್ಕವನ್ನು ಮನೆಯ ವೈಫೈ ಎಂದೇ ಭಾವಿಸಿ ಅಪ್‌ಡೇಟ್‌ಗಳನ್ನು ಇಳಿಸಿಕೊಳ್ಳತೊಡಗಿದರೆ, ನೀವು ಒಂದು ಇಮೇಲ್ ಕಳುಹಿಸುವ ಮೊದಲೇ ದಿನದ ಪಾಲು ಮುಗಿದಿರುತ್ತದೆ. ಆದ್ದರಿಂದ ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಆ ಸಂಪರ್ಕವನ್ನು ತೆರೆದು 'ಮೀಟರ್ಡ್ ಕನೆಕ್ಷನ್' (ಡೇಟಾಗೆ ಮಿತಿಯಿರುವ ಸಂಪರ್ಕ ಎಂಬ ಗುರುತು) ಆನ್ ಮಾಡಿರಿ. ಟೆದರಿಂಗ್ ಅಲ್ಲಿ ವೈಫೈ ಹೆಸರಿನಲ್ಲಲ್ಲ, ಈಥರ್ನೆಟ್ ಹೆಸರಿನಲ್ಲಿ ಕಾಣಿಸುತ್ತದೆ. ಕ್ಲೌಡ್ ಸಿಂಕ್, ಅಂದರೆ ಕಡತಗಳು ತಾವಾಗಿಯೇ ಆನ್‌ಲೈನ್ ಸಂಗ್ರಹದೊಂದಿಗೆ ಹೊಂದಿಕೊಳ್ಳುವುದನ್ನೂ ತಾತ್ಕಾಲಿಕವಾಗಿ ನಿಲ್ಲಿಸಿರಿ.

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವವರು ಬೇಕಾದ ಕಡತಗಳನ್ನು ಸಕಲೇಶಪುರಕ್ಕೆ ಮೊದಲೇ ಇಳಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅಲ್ಲಿಂದ ಮುಂದೆ ಘಾಟಿಯ ಸುರಂಗಗಳಲ್ಲಿ ಸಿಗ್ನಲ್ ನಂಬುವಂತಿಲ್ಲ.