ಊರ ಹಳೆ ಬಾವಿಗೆ ಸರ್ಕಾರದ ರಕ್ಷಣೆ ಬೇಕೆ? ಅರ್ಜಿ ಹೀಗೆ ಬರೆಯಿರಿ

‘ಅತ್ಯಂತ ಪುರಾತನವಾದ, ಭವ್ಯ ಇತಿಹಾಸವುಳ್ಳ ನಮ್ಮೂರ ಬಾವಿಯನ್ನು ಸಂರಕ್ಷಿಸಬೇಕೆಂದು ತಮ್ಮಲ್ಲಿ ಕಳಕಳಿಯ ವಿನಂತಿ.’ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಊರುಗಳಿಂದ ಹೋಗುವ ಇಂಥ ಅರ್ಜಿಗಳನ್ನು ಬಹಳ ನೋಡಿದ್ದೇನೆ. ಎರಡು ಪುಟ ಹೊಗಳಿಕೆ, ಕೊನೆಗೆ ಸಾಲು ಸಾಲು ಸಹಿ, ಸಂಘದ ಸೀಲು. ಬಾವಿ ಯಾವ ಸರ್ವೆ ನಂಬರಿನಲ್ಲಿದೆ ಅನ್ನುವುದೊಂದು ಬಿಟ್ಟು ಎಲ್ಲ ಇರುತ್ತದೆ. ಓದಿದ ಗುಮಾಸ್ತರು ತಾನೇ ಏನು ಮಾಡಬೇಕು? ಫೈಲಿಗೆ ಹಾಕಿ ಕಟ್ಟಿಡುತ್ತಾರೆ.

ಬಾವಿ, ಬುರುಜು, ಅಗಸಿ, ಹಾಳು ಗುಡಿ, ಶಾಸನ ಯಾವುದೇ ಇರಲಿ, ಕ್ರಮ ಒಂದೇ.

ಮೊದಲು, ಅದು ಯಾರದ್ದು ನೋಡಿ

ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆ ಕಾಯುವ ಸ್ಮಾರಕಗಳು 1958ರ ಕಾಯ್ದೆಗೆ ಬರುತ್ತವೆ. ಇಟಗಿಯ ಮಹಾದೇವ ದೇವಾಲಯ, ಮಸ್ಕಿಯ ಅಶೋಕನ ಶಾಸನ ಈ ಸಾಲಿನವು. ಬೋರ್ಡು ಕಂಡರೆ ಯಾವ ಇಲಾಖೆಯದ್ದು ಅಂತ ಓದಿ ನೋಡಿ. ರಾಜ್ಯದ ಸ್ಮಾರಕಗಳಿಗೆ 1961ರ ಕರ್ನಾಟಕದ ಕಾಯ್ದೆ ಇದೆ. ಅವುಗಳನ್ನು ನೋಡಿಕೊಳ್ಳುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ಗುಡಿಯಾದರೆ ಮುಜರಾಯಿ, ದರ್ಗಾ ಆದರೆ ವಕ್ಫ್ ಮಂಡಳಿಯ ಹೆಸರಲ್ಲೂ ಇರಬಹುದು. ಈ ಮೊದಲೇ ಸಂರಕ್ಷಿತ ಅಂತ ಘೋಷಣೆ ಆಗಿದ್ದರೆ ಮತ್ತೆ ರಕ್ಷಣೆ ಕೇಳಬೇಡಿ, ದುರಸ್ತಿ ಕೇಳಿ. ಯಾರ ಪಟ್ಟಿಯಲ್ಲೂ ಇಲ್ಲ, ನೂರು ವರ್ಷ ದಾಟಿದೆ ಅಂದರೆ ರಾಜ್ಯದ ಇಲಾಖೆಗೆ ಬರೆಯಿರಿ.

ಈಗ ಕಷ್ಟದ ಭಾಗ: ಜಾಗದ ಲೆಕ್ಕ

ಹೆಚ್ಚಿನವರು ಕೆಡಿಸುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ಬಾವಿಯ ಕಟ್ಟೆ ಮೇಲೆ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆಯಿರಿ. ಸರ್ಕಾರದ್ದೇ ಆ್ಯಪ್, ದುಡ್ಡಿಲ್ಲ. ನೀವು ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಆದರೆ ಒಂದೇ ಸಲ ನೋಡಿ ಬರೆದುಕೊಂಡು ಬರಬೇಡಿ. ಹೊಲದ ಬದುವಿನ ಹತ್ತಿರ ಇದ್ದರೆ ಜಿಪಿಎಸ್ ಪಕ್ಕದ ಹೊಲಕ್ಕೆ ಜಿಗಿಯುತ್ತದೆ. ನಾಲ್ಕೂ ಮೂಲೆಯಲ್ಲಿ ನಿಂತು ನೋಡಿ. ನಾಲ್ಕರಲ್ಲೂ ಒಂದೇ ನಂಬರು ಬಂದರೆ ಸರಿ. ಬೇರೆ ಬೇರೆ ಬಂದರೆ ಗ್ರಾಮ ನಕಾಶೆ ತೆಗೆದು ಗ್ರಾಮ ಆಡಳಿತಾಧಿಕಾರಿ ಮುಂದೆ ಕೂತು ಹೊಂದಿಸಲೇಬೇಕು. ಆಗಲೂ ಬಗೆಹರಿಯದಿದ್ದರೆ ತಾಲ್ಲೂಕು ಸರ್ವೆಯರ್ ಬಂದು ಅಳತೆ ಮಾಡಬೇಕು.

ನಂಬರು ಸಿಕ್ಕಿತಾ? ಪಹಣಿ ತೆಗೆಸಿ. ಅದರಲ್ಲಿ ‘ಖರಾಬು’, ಅಂದರೆ ಸಾಗುವಳಿಗೆ ಬಾರದ ಜಾಗ, ಎಂಬ ಸಾಲು ಹುಡುಕಿ. ನಮ್ಮ ಕಡೆ ಹಳೆ ಬಾವಿ, ಕಟ್ಟೆ, ಗೋರಿ, ದಾರಿ ಎಲ್ಲ ಸಾಮಾನ್ಯವಾಗಿ ಬಿ ಖರಾಬಿನಲ್ಲಿ ಕೂತಿರುತ್ತವೆ. ಬಿ ಖರಾಬು ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ. ಅದು ನಿಮ್ಮ ಅದೃಷ್ಟ, ಅರ್ಧ ಕೆಲಸ ಮುಗಿದಂತೆ. ಎ ಖರಾಬು ಬೇರೆ, ಅದು ಹೊಲದವನದ್ದೇ. ಎರಡನ್ನೂ ಕಲಸಿ ಬರೆದ ಅರ್ಜಿ ಮೊದಲ ಮೇಜಿನಲ್ಲೇ ಬಿದ್ದುಹೋಗುತ್ತದೆ.

ಖಾಸಗಿ ಹೊಲ ಆಗಿದ್ದರೆ ಪಹಣಿಯಲ್ಲಿ ಇರುವ ಹೆಸರು ಬಹಳ ಸಲ ತೀರಿಹೋದ ಅಜ್ಜನದ್ದು. ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿರುವುದಿಲ್ಲ. ಈಗ ಉಳುತ್ತಿರುವ ಮೊಮ್ಮಕ್ಕಳ ಹೆಸರೂ ಬರೆಯಿರಿ, ಇಲ್ಲದಿದ್ದರೆ ನೋಟಿಸು ಯಾರ ಮನೆಗೂ ಮುಟ್ಟುವುದಿಲ್ಲ. ಊರೊಳಗೆ ಇದ್ದರೆ ಪಹಣಿಯೇ ಇರುವುದಿಲ್ಲ, ಅದು ಗ್ರಾಮಠಾಣ. ಅಲ್ಲಿ ಪಂಚಾಯಿತಿಯ ಆಸ್ತಿ ನಂಬರು ಮತ್ತು ಪಿಡಿಒ ಕೊಡುವ ದಾಖಲೆ ಬೇಕು.

ಕೊನೆಗೆ ಚಕ್ಕುಬಂದಿ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ದಾರಿ, ಉತ್ತರಕ್ಕೆ ಏನು, ದಕ್ಷಿಣಕ್ಕೆ ಏನು. ಟೇಪು ಹಿಡಿದು ಉದ್ದ, ಅಗಲ ಅಳೆದು ಕೈಯಲ್ಲೇ ಒಂದು ನಕ್ಷೆ ಬರೆಯಿರಿ. ಚೆನ್ನಾಗಿರಬೇಕಿಲ್ಲ, ಅಳತೆ ಇದ್ದರೆ ಸಾಕು.

ಇಷ್ಟೆಲ್ಲ ಯಾಕೆ ಅಂತೀರಾ? 2013ರಲ್ಲಿ ಮಹಾಲೇಖಪಾಲರ (ಸಿಎಜಿ) ವರದಿ ಕೇಂದ್ರದ ಸಂರಕ್ಷಿತ ಸ್ಮಾರಕಗಳಲ್ಲೇ 92 ಕಾಣೆಯಾಗಿವೆ ಎಂದು ಹೇಳಿತು. ಪಟ್ಟಿಯಲ್ಲಿ ಇದ್ದವೇ ಹೀಗೆ ಕಳೆದುಹೋದರೆ, ಪಟ್ಟಿಗೇ ಬಾರದ ನಿಮ್ಮೂರ ಬಾವಿ ಯಾರಿಗೆ ಲೆಕ್ಕ?

ಕಂಡಿದ್ದು ಬರೆಯಿರಿ, ಕೇಳಿದ್ದು ಬೇಡ

‘ರಾಮಾಯಣ ಕಾಲದ ಬಾವಿ’ ಅಂತ ಬರೆದರೆ ಮುಂದಿನ ಸಾಲನ್ನು ಯಾರೂ ಓದುವುದಿಲ್ಲ. ಕಾಲ ಗೊತ್ತಿಲ್ಲದಿದ್ದರೆ ಸುಮ್ನೆ ಬಿಡಿ, ಅದನ್ನು ಹೇಳಲು ಇಲಾಖೆಯಲ್ಲಿ ಬಲ್ಲವರಿದ್ದಾರೆ. ಮಸ್ಕಿಯ ಬಂಡೆಯ ಮೇಲಿನ ಬರಹ ಗೊತ್ತಾಗಿದ್ದು 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಒಬ್ಬರ ಕಣ್ಣಿಗೆ ಬಿದ್ದ ಮೇಲೆ. ಅದರಲ್ಲಿ ಅಶೋಕನ ಹೆಸರೇ ಇದೆ ಅಂತ ಓದಿ ಹೇಳಿದವರು ವಿದ್ವಾಂಸರು. ನಿಮ್ಮ ಕೆಲಸ ಆ ಎಂಜಿನಿಯರ್ ಕೆಲಸ ಅಷ್ಟೇ: ಇಲ್ಲಿದೆ ನೋಡಿ ಅನ್ನುವುದು.

ಒಳ್ಳೆ ಅರ್ಜಿಯ ಸಾಲು ಹೀಗಿರುತ್ತದೆ: ‘ಕಲ್ಲಿನ ಮೆಟ್ಟಿಲ ಬಾವಿ. ಮೂರು ಕಡೆ ಗೋಡೆ, ದಕ್ಷಿಣದಿಂದ ಇಳಿಯಲು ಮೆಟ್ಟಿಲು. ಪೂರ್ವದ ಗೋಡೆಯಲ್ಲಿ ಮೇಲಿನಿಂದ ನಾಲ್ಕನೇ ಸಾಲಿನ ಎರಡು ಕಲ್ಲು ಮುಂದೆ ಜರುಗಿವೆ. ಸಂದಿಯಲ್ಲಿ ಅರಳಿ ಗಿಡ ಬೆಳೆದಿದೆ.’ ಆ ಗಿಡವನ್ನು ಮಾತ್ರ ಕಿತ್ತು ತೆಗೆಯಲು ಹೋಗಬೇಡಿ. ಬೇರಿನ ಜೊತೆ ಗೋಡೆಯೇ ಬರುತ್ತದೆ.

ಶಾಸನ ಇದ್ದರೆ ಅಕ್ಷರಕ್ಕೆ ಸುಣ್ಣ, ಚಾಕ್‌ಪೀಸ್ ತುಂಬಬೇಡಿ. ರಾತ್ರಿ ಹೋಗಿ ಟಾರ್ಚನ್ನು ಕಲ್ಲಿನ ಪಕ್ಕದಿಂದ ಅಡ್ಡವಾಗಿ ಬಿಡಿ. ಹಗಲಿನಲ್ಲಿ ಬರೀ ಗೀರಿನಂತೆ ಕಂಡ ಅಕ್ಷರ ನೆರಳು ಹಿಡಿದು ಎದ್ದು ನಿಲ್ಲುತ್ತದೆ. ಆ ಫೋಟೊ ಕಳಿಸಿ. ಅದು ಈಗಾಗಲೇ ಅಚ್ಚಾಗಿದೆಯಾ ಎಂದು ಹಂಪಿ ಕನ್ನಡ ವಿಶ್ವವಿದ್ಯಾಲಯದ ಜಿಲ್ಲಾವಾರು ಶಾಸನ ಸಂಪುಟಗಳಲ್ಲಿ ಹುಡುಕಿ. ಅಲ್ಲಿ ಸಿಗದಿದ್ದರೆ ಇನ್ನೊಂದು ದಾರಿ ಇದೆ. ಬಳ್ಳಾರಿ 1953ರ ತನಕ ಮದ್ರಾಸಿನ ಕಡೆ ಇತ್ತು, ರಾಯಚೂರು, ಕೊಪ್ಪಳ 1956ರ ತನಕ ಹೈದರಾಬಾದಿನ ಕಡೆ. ಹಳೆ ವರದಿಗಳೂ ಹಾಗೇ ಹಂಚಿಹೋಗಿವೆ, ನಿಮ್ಮೂರು ಆಗ ಯಾವ ಕಡೆ ಇತ್ತೋ ಆ ಕಡೆಯ ಶಾಸನ ವರದಿಗಳಲ್ಲಿ ಹುಡುಕಿ.

ಇನ್ನೊಂದು ಮಾತು. ಅರ್ಜಿ ಕೊಡುವ ಮೊದಲು ‘ಸ್ವಲ್ಪ ಚೆಂದ ಮಾಡೋಣ’ ಅಂತ ವೀರಗಲ್ಲಿಗೆ ಆಯಿಲ್ ಪೇಂಟ್ ಬಳಿಯುವವರಿದ್ದಾರೆ. ಪೇಂಟ್ ಅಂಗಡಿಯವರು ಕಲ್ಲು ಹೊಳೆಯುವ ವಾರ್ನಿಷ್ ಬೇರೆ ಕೊಡುತ್ತಾರೆ. ಎರಡೂ ಬೇಡವೇ ಬೇಡ. ಗಾರೆ ಕಟ್ಟಿದ ಗೋಡೆಗೆ ಸಿಮೆಂಟ್ ಮೆತ್ತುವುದು ಅದಕ್ಕಿಂತ ಕೆಟ್ಟದ್ದು. ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಗಾರೆ, ಕಲ್ಲು ಎರಡೂ ಉದುರುತ್ತವೆ.

ಊರವರ ಹೆದರಿಕೆ

‘ಸಂರಕ್ಷಿತ ಅಂತಾದರೆ ನಮ್ಮ ಮನೆ ಹೋಗುತ್ತಾ?’ ಈ ಪ್ರಶ್ನೆ ಬಂದೇ ಬರುತ್ತದೆ. ಜಾರಿಕೊಳ್ಳಬೇಡಿ. ಕೇಂದ್ರದ ಸ್ಮಾರಕಕ್ಕೆ 2010ರ ತಿದ್ದುಪಡಿ ಪ್ರಕಾರ ಸುತ್ತ 100 ಮೀಟರು ಹೊಸ ಕಟ್ಟಡ ಇಲ್ಲ, ಅದರಾಚೆ 200 ಮೀಟರು ಅನುಮತಿ ಪಡೆದು ಕಟ್ಟಬೇಕು. ಹಳೆ ಮನೆಯ ರಿಪೇರಿಗೂ ಒಪ್ಪಿಗೆ ಬೇಕು. ರಾಜ್ಯದ ಸ್ಮಾರಕದ ನಿಯಮವನ್ನು ಇಲಾಖೆಯಿಂದಲೇ ಬರವಣಿಗೆಯಲ್ಲಿ ತರಿಸಿ ಊರವರ ಮುಂದೆ ಓದಿ. ರಕ್ಷಣೆ ಅಂದಕೂಡಲೇ ಮಾಲೀಕತ್ವ ಹೋಗುವುದಿಲ್ಲ ಅನ್ನುವುದನ್ನೂ ಹೇಳಿ. ಗ್ರಾಮಸಭೆಯಲ್ಲಿ ಮಾತಾಡಿ ಠರಾವು ಮಾಡಿಸಿ. ನನ್ನ ಮಟ್ಟಿಗೆ ಸಾವಿರ ಸಹಿಗಿಂತ ಒಂದು ಠರಾವು ಜಾಸ್ತಿ. ಊರಿಗೆ ಗೊತ್ತಿಲ್ಲದಂತೆ ಘೋಷಣೆ ತರಿಸಿದರೆ ಆಕ್ಷೇಪಣೆಯ ಅವಧಿಯಲ್ಲಿ ಇಡೀ ಓಣಿಯೇ ನಿಮ್ಮ ವಿರುದ್ಧ ಬರೆಯುತ್ತದೆ.

ಕೊಡುವುದು, ಬೆನ್ನು ಹತ್ತುವುದು

ಇಲಾಖೆಯ ಆಯುಕ್ತರ ಹೆಸರಿಗೆ ಅರ್ಜಿ, ಜಿಲ್ಲಾಧಿಕಾರಿ ಮತ್ತು ತಹಶೀಲ್ದಾರರಿಗೆ ಪ್ರತಿ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಎಂಎಲ್‌ಎ ಕೈಗೆ ಮನವಿ ಕೊಟ್ಟು ಫೋಟೊ ತೆಗೆಸಿಕೊಂಡರೆ ಪೇಪರಿನಲ್ಲಿ ಬರುತ್ತದೆ, ಆದರೆ ಅದಕ್ಕೆ ಕಡತದ ನಂಬರು ಇರುವುದಿಲ್ಲ.

ಎರಡು ಮೂರು ತಿಂಗಳು ಸುದ್ದಿ ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಿ. ‘ಯಾಕೆ ಕ್ರಮ ಕೈಗೊಂಡಿಲ್ಲ?’ ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ‘ಈ ದಿನಾಂಕದ ನನ್ನ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ’ ಎಂದು ಬರೆಯಿರಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದೇ ವಿಷಯ, 150 ಪದದ ಒಳಗೆ. 30 ದಿನದಲ್ಲಿ ಉತ್ತರ ಬರಬೇಕು. ಫೈಲು ಯಾರ ಮೇಜಿನಲ್ಲಿ ನಿಂತಿದೆ ಅಂತ ಆ ಹಾಳೆಯಲ್ಲೇ ಕಾಣುತ್ತದೆ.

ಇದೆಲ್ಲ ಸಮಯ ಇದ್ದಾಗಿನ ಮಾತು. ನಾಳೆ ಬೆಳಗ್ಗೆ ಜೆಸಿಬಿ ಬರುತ್ತದೆ ಅಂತ ಸುದ್ದಿ ಸಿಕ್ಕರೆ ಮೈಸೂರಿಗೆ ಬರೆಯುತ್ತಾ ಕೂರಬೇಡಿ. ಬಿ ಖರಾಬಾದರೆ ಪಹಣಿ ಹಿಡಿದು ನೇರ ತಹಶೀಲ್ದಾರರ ಹತ್ತಿರ ಹೋಗಿ, ಒತ್ತುವರಿ ಅಂತಲೇ ಬರೆದುಕೊಡಿ. ಕಲ್ಲುಗಣಿಯವರು ಬಂದಿದ್ದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ಒಂದು ಪ್ರತಿ ಕೊಡಿ.